ಬ್ರುಸ್ಕೆಟ್ಟಾ ಮೀಮಾಂಸೆ

ಕೆಂಡದ ಮೇಲೆ ಸುಟ್ಟ ಬ್ರೆಡ್ಡಿನ ಹೋಳಿಗೆ ಹಸಿ ಬೆಳ್ಳುಳ್ಳಿ ತಿಕ್ಕಿ, ಆಲಿವ್ ಎಣ್ಣೆ ಸುರಿದು, ಹೆಚ್ಚಿದ ಟೊಮೇಟೊ ಹರಡಿದರೆ ಬ್ರುಸ್ಕೆಟ್ಟಾ ಸಿದ್ಧವಾಯಿತೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದಾದ ಈ ಇಟಾಲಿಯನ್ ತಿನಿಸಿಗೆ ಪಾಕಪುಸ್ತಕಗಳು ಎರಡೆರಡು ಪುಟ ಮೀಸಲಿಡುವುದನ್ನು ಕಂಡರೆ, ಅದರ ಸುಲಭತೆಯ ವಿಷಯದಲ್ಲಿ ಸಂಶಯ ಹುಟ್ಟುವುದು ಸಹಜ. ಬಿಸಿಬೇಳೆಭಾತಿನಂಥ ಬಹುಸಾಮಗ್ರಿಯ ಅಡುಗೆಯಲ್ಲಿ ಒಂದರ ಲೋಪವನ್ನು ಇನ್ನೊಂದು ಮುಚ್ಚಿಕೊಡುತ್ತದೆ; ಹುಳಿ ಮುಂದಾದರೆ ಬೆಲ್ಲವಿದೆ, ಖಾರ ಮುಂದಾದರೆ ಬೇಳೆಯಿದೆ, ಏನೂ ಮುಂದಾಗದೆ ಎಲ್ಲವೂ ಹಿಂದುಳಿದರೆ ಮೇಲೆ ಸುರಿಯಲು ತುಪ್ಪವಿದೆ. ಬ್ರುಸ್ಕೆಟ್ಟಾದಲ್ಲಿ ಇಂಥ ಅಡಗುತಾಣಗಳಿಗೆ ಅವಕಾಶವಿಲ್ಲದೆ, ಬ್ರೆಡ್ಡು ಸಪ್ಪೆಯಾದರೆ ಸಪ್ಪೆಯಾಗಿಯೇ, ಎಣ್ಣೆ ಮುಗ್ಗಿದ್ದರೆ ಮುಗ್ಗಾಗಿಯೇ ನಾಲಿಗೆಯ ಮುಂದೆ ಹಾಜರಾಗುವುದರಿಂದ, ಅಡುಗೆ ಮಾಡಿದವರು ಸಾಮಗ್ರಿ ತಂದ ಅಂಗಡಿಯನ್ನು ದೂರುವುದೊಂದೇ ಉಳಿದ ಮಾರ್ಗ. ಸುಲಭವೆಂಬ ಖ್ಯಾತಿಯಿಂದ ಅಡುಗೆಮನೆಗೆ ಬಂದು ಅಲ್ಲಿ ಎಲ್ಲರ ಯೋಗ್ಯತೆಯನ್ನು ಅಳೆದು ಹೋಗುವ ಈ ತಿನಿಸನ್ನು ಆದ್ದರಿಂದ ಸ್ವಲ್ಪ ಶಾಸ್ತ್ರೀಯವಾಗಿಯೇ ವಿಚಾರಿಸಿಕೊಳ್ಳುವುದು ಉಚಿತ.

ಇದರ ತವರು ಇಟಲಿಯ ಮಧ್ಯ ಮತ್ತು ದಕ್ಷಿಣದ ಪ್ರಾಂತ್ಯಗಳು: ರೋಮ್ ನಗರವಿರುವ ಲಾತ್ಸಿಯೊ, ಅದಕ್ಕೆ ಹೊಂದಿಕೊಂಡ ಉಂಬ್ರಿಯಾ ಮತ್ತು ಟಸ್ಕನಿ, ಕೆಳಗೆ ಬೂಟಿನಾಕಾರದ ಭೂಪಟದ ಹಿಮ್ಮಡಿಯಲ್ಲಿರುವ ಪುಲಿಯಾ. ಇಲ್ಲೆಲ್ಲ ಆಲಿವ್ ತೋಪುಗಳಿವೆ, ತೋಪುಗಳಿರುವಲ್ಲಿ ಗಾಣಗಳಿವೆ, ಗಾಣವಿರುವಲ್ಲಿ ಹೊಸ ಎಣ್ಣೆಯನ್ನು ಪರೀಕ್ಷಿಸಿ ಅದರ ಬಗ್ಗೆ ಖಚಿತ ಅಭಿಪ್ರಾಯ ಕೊಡಲು ಸಿದ್ಧರಾದ ಹಿರಿಯರೂ ಇದ್ದೇ ಇರುತ್ತಾರೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಕೊಯ್ಲಿನ ಕಾಲದಲ್ಲಿ, ಗಾಣದಿಂದ ಈಗಷ್ಟೇ ಇಳಿದ ಹಸಿರು ಎಣ್ಣೆಯನ್ನು ಸುಟ್ಟ ಬ್ರೆಡ್ಡಿನ ಮೇಲೆ ಧಾರಾಳವಾಗಿ ಸುರಿದು ರುಚಿ ನೋಡುವುದು ಆ ಸೀಮೆಯ ರೂಢಿಯಾಗಿದ್ದು, ಟಸ್ಕನಿಯಲ್ಲಿ ಅದಕ್ಕೆ ಫೆತ್ತುಂತಾ ಎಂಬ ಹೆಸರಿದೆ. ಬ್ರುಸ್ಕೆಟ್ಟಾದ ಮೂಲರೂಪವೇ ಇದು. ಬೆಂಕಿ, ಬ್ರೆಡ್ಡು, ಬೆಳ್ಳುಳ್ಳಿ, ಉಪ್ಪು, ಎಣ್ಣೆ ಇಷ್ಟರಲ್ಲಿ ಮುಗಿಯುವ ಈ ರೂಪದಲ್ಲಿ ಟೊಮೇಟೊ ಎಲ್ಲಿಯೂ ಕಾಣಿಸುವುದಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಏಕೆಂದರೆ ಮುಂದಿನ ತಕರಾರೆಲ್ಲ ಹುಟ್ಟುವುದು ಅಲ್ಲಿಂದಲೇ.

ಆ ತಕರಾರಿಗೆ ಮೊದಲು ಬ್ರೆಡ್ಡಿನ ಮಾತು: ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಪೀಸಾದವರು ಫ್ಲಾರೆನ್ಸಿಗೆ ಹೋಗುವ ಉಪ್ಪನ್ನು ಮಧ್ಯಯುಗದಲ್ಲಿ ತಡೆದರೆಂಬುದು ಇದಕ್ಕೆ ಕಾರಣವಾಗಿ ಹೇಳುವ ಒಂದು ಐತಿಹ್ಯ, ಉಪ್ಪಿನ ಮೇಲಿನ ತೆರಿಗೆ ತಪ್ಪಿಸಿಕೊಳ್ಳಲು ಜನರೇ ಅದನ್ನು ಬಿಟ್ಟರೆಂಬುದು ಇನ್ನೊಂದು. ತಡೆಯೂ ತೆರಿಗೆಯೂ ಇಲ್ಲವಾಗಿ ಎಷ್ಟೋ ಕಾಲವಾದರೂ ಉಪ್ಪು ಮಾತ್ರ ಹಿಂದಿರುಗಿಲ್ಲವಾದ್ದರಿಂದ, ಊರಿನ ಹಠವನ್ನೇ ಮೂರನೆಯ ಕಾರಣವೆಂದು ಪರಿಗಣಿಸಬಹುದು. 1302ರಲ್ಲಿ ಫ್ಲಾರೆನ್ಸಿನಿಂದ ಗಡೀಪಾರಾದ ಕವಿ ದಾಂತೆ, ತನ್ನ ಮಹಾಕಾವ್ಯದ ಸ್ವರ್ಗಖಂಡದಲ್ಲಿ, ಪರರ ಬ್ರೆಡ್ಡು ಎಷ್ಟು ಉಪ್ಪುಪ್ಪಾಗಿರುತ್ತದೆಂಬುದು ಮುಂದೆ ಅನುಭವಕ್ಕೆ ಬರಲಿದೆಯೆಂದು ತನ್ನ ಪೂರ್ವಜನ ಬಾಯಿಂದ ಭವಿಷ್ಯ ನುಡಿಸಿದ್ದಾನೆ. ವಿದ್ವಾಂಸರು ಇದರಲ್ಲಿ ಪರಾಶ್ರಯದ ಸಂಕಟವನ್ನು ಕಂಡಿದ್ದಾರೆ, ಅದು ಸರಿಯೇ. ಆದರೆ ಹುಟ್ಟಿದಾರಭ್ಯ ಸಪ್ಪೆ ಬ್ರೆಡ್ಡು ತಿಂದ ಫ್ಲಾರೆನ್ಸಿನವನೊಬ್ಬ ಅದರಲ್ಲಿ ಬರೀ ಉಪ್ಪಿನ ದೂರನ್ನು ಕಂಡರೆ ಅವನನ್ನು ಅರಸಿಕನೆಂದು ತಳ್ಳಿಹಾಕುವುದು ಕಷ್ಟ. ನಂಜನಗೂಡು ರಸಬಾಳೆಗಿರುವ ಭೌಗೋಳಿಕ ಗುರುತಿನಂಥ ಮೂಲಸ್ಥಾನದ ರಕ್ಷಣೆಯನ್ನು ಯುರೋಪಿಯನ್ ಒಕ್ಕೂಟವು 2016ರಲ್ಲಿ ಈ ಬ್ರೆಡ್ಡಿಗೂ ನೀಡಿತು. ಹೀಗೆ ಒಂದು ಪದಾರ್ಥವನ್ನು ಹಾಕದಿರುವುದಕ್ಕೂ ಕಾನೂನಿನ ಮನ್ನಣೆ ದೊರೆತಂತಾಯಿತು.

ಎಣ್ಣೆಯ ವಿಷಯಕ್ಕೆ ಬಂದರೆ, ಇಲ್ಲಿ ಅಗತ್ಯವಾದದ್ದು ಎಕ್ಸ್‌ಟ್ರಾ ವರ್ಜಿನ್ ದರ್ಜೆಯದು, ಅಂದರೆ ಕಾಯಿಯನ್ನು ಯಂತ್ರದಿಂದಷ್ಟೇ ಅರೆದು ತೆಗೆದ, ರಾಸಾಯನಿಕಗಳ ಸಂಪರ್ಕವಿಲ್ಲದ, ಮುಕ್ತ ಕೊಬ್ಬಿನಾಮ್ಲದ ಪ್ರಮಾಣ ನೂರು ಗ್ರಾಮಿಗೆ 0.8 ಗ್ರಾಮನ್ನು ಮೀರದ ಎಣ್ಣೆ. ಪೊಮೇಸ್ ಎಂದು ಬರೆದ ಅಗ್ಗದ ಬಾಟಲಿಯಲ್ಲಿರುವುದು ಹಿಂಡಿ ಉಳಿದ ಹಿಂಡಿಯಿಂದ ದ್ರಾವಕ ಬಳಸಿ ತೆಗೆದು ಶುದ್ಧೀಕರಿಸಿದ ಎಣ್ಣೆಯಾದ್ದರಿಂದ ಅದು ಪೂರಿ ಕರಿಯಲು ಆದೀತೇ ಹೊರತು ಬ್ರುಸ್ಕೆಟ್ಟಾಕ್ಕೆ ಒದಗುವುದಿಲ್ಲ. ಒಳ್ಳೆಯ ಹೊಸ ಎಣ್ಣೆ ಗಂಟಲಿಗೆ ಇಳಿಯುವಾಗ ಚುರುಗುಟ್ಟಿ ಒಂದೆರಡು ಬಾರಿ ಕೆಮ್ಮು ಬರಿಸುತ್ತದೆ. 1999ರಲ್ಲಿ ಸಿಸಿಲಿಯಲ್ಲಿ ಹೊಸ ಎಣ್ಣೆಯ ರುಚಿ ನೋಡಿದ ಗ್ಯಾರಿ ಬ್ಯೂಚಾಂಪ್ ಎಂಬ ವಿಜ್ಞಾನಿಗೆ ಆ ಚುರುಕು ಐಬುಪ್ರೊಫೆನ್ ಎಂಬ ನೋವುನಿವಾರಕ ದ್ರಾವಣದ ಚುರುಕಿನ ನೆನಪು ತಂದಿತು. ಆ ಜಾಡು ಹಿಡಿದು ಹೋದ ಅವರೂ ಅವರ ಸಂಗಡಿಗರೂ, ಎಣ್ಣೆಯಲ್ಲಿರುವ ಓಲಿಯೊಕ್ಯಾಂಥಾಲ್ ಎಂಬ ಅಂಶವು ಐಬುಪ್ರೊಫೆನ್ ತಡೆಯುವ ಕಿಣ್ವಗಳನ್ನೇ ತಡೆಯುತ್ತದೆಂದು 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಣ್ಣೆಯ ಗುಣಪರೀಕ್ಷಕರ ಲೋಕದಲ್ಲಿ ಕೆಮ್ಮು ಹೀಗೆ ಪ್ರಶಂಸೆಯ ಸೂಚಕವಾದರೆ, ಕನ್ನಡ ನಾಡಿನ ಅಡುಗೆಮನೆಯಲ್ಲಿ ಅದೇ ಕೆಮ್ಮಿಗೆ ಎಣ್ಣೆ ಕೆಟ್ಟಿದೆಯೆಂದು ಅರ್ಥವಾಗಿ ಬಾಟಲಿ ಅಂಗಡಿಗೆ ವಾಪಸಾಗುವ ಸಂಭವವೇ ಹೆಚ್ಚು. ಇಲ್ಲಿನ ಎಷ್ಟೋ ಮನೆಗಳಿಗೆ ಆಲಿವ್ ಎಣ್ಣೆ ಮೊದಲು ಕಾಲಿಟ್ಟಿದ್ದು ಔಷಧಿ ಅಂಗಡಿಯ ಪುಟ್ಟ ಡಬ್ಬಿಯ ಮೂಲಕ, ಕೂಸಿನ ಮೈಗೆ ತಿಕ್ಕುವ ಎಣ್ಣೆಯಾಗಿ. ಆ ಪೂರ್ವಾಶ್ರಮವನ್ನು ಬಲ್ಲ ಅಜ್ಜಿಯರು ಅದನ್ನು ಬ್ರೆಡ್ಡಿನ ಮೇಲೆ ಸುರಿಯುವುದನ್ನು ನೋಡಿ ಏನೂ ಅನ್ನದೆ ಎದ್ದುಹೋಗುತ್ತಾರೆ.

ಇನ್ನು ಟೊಮೇಟೊ. ಅಮೆರಿಕ ಖಂಡದಿಂದ ಯುರೋಪಿಗೆ ಬಂದ ಈ ಫಲವನ್ನು 1544ರಲ್ಲಿ ವರ್ಣಿಸಿದ ವೈದ್ಯ ಹಾಗೂ ಸಸ್ಯಶಾಸ್ತ್ರಜ್ಞ ಪಿಯೆತ್ರೊ ಅಂದ್ರೆಯಾ ಮತ್ತಿಯೋಲಿ ಅದನ್ನು ಬದನೆಯ ಜೊತೆಗಿಟ್ಟು ನೋಡಿದ. ಆಮೇಲೆ ನೂರೈವತ್ತು ವರ್ಷಗಳಷ್ಟು ಕಾಲ ಇಟಲಿಯ ಪಾಕಪುಸ್ತಕಗಳು ಅದನ್ನು ಹೆಚ್ಚುಕಡಿಮೆ ಹೊರಜಗುಲಿಯಲ್ಲೇ ಕೂರಿಸಿದವು. 1690ರ ದಶಕದಲ್ಲಿ ನೇಪಲ್ಸಿನಲ್ಲಿ ಅಚ್ಚಾದ ಅಂತೋನಿಯೊ ಲತೀನಿಯ ಗ್ರಂಥದಲ್ಲಿ ಟೊಮೇಟೊ ಸಾಸಿನ ವಿಧಾನವೊಂದು ಕಾಣಿಸಿಕೊಂಡಾಗಲೂ ಅದಕ್ಕೆ ಸ್ಪೇನ್ ಶೈಲಿಯದೆಂಬ ಶೀರ್ಷಿಕೆಯಿತ್ತು. ಇಂದು ಇಟಲಿಯ ಗುರುತೆಂದು ಜಗತ್ತು ತಿಳಿದಿರುವ ಪದಾರ್ಥ ಇಟಲಿಯ ಪುಸ್ತಕವನ್ನು ಪ್ರವೇಶಿಸಿದ್ದು ಪರದೇಶದ ರಹದಾರಿಯ ಮೇಲೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಪರಿಸ್ಥಿತಿ ಎಷ್ಟು ಬದಲಾಗಿತ್ತೆಂದರೆ, 1891ರಲ್ಲಿ ಪ್ರಕಾಶಕರ ಆಸರೆಯಿಲ್ಲದೆ ಸ್ವಂತ ಖರ್ಚಿನಲ್ಲಿ ತನ್ನ ಪ್ರಸಿದ್ಧ ಪಾಕಗ್ರಂಥವನ್ನು ಅಚ್ಚು ಹಾಕಿಸಿದ ಪೆಲ್ಲೆಗ್ರೀನೊ ಅರ್ತೂಸಿ, ಟೊಮೇಟೊ ಸಾಸಿನ ವಿಧಾನ ಹೇಳುವ ಮೊದಲು ರೊಮಾನ್ಯಾ ಸೀಮೆಯ ಒಬ್ಬ ಪಾದ್ರಿಯ ಕಥೆ ಹೇಳುತ್ತಾನೆ. ಊರಿನ ಪ್ರತಿ ಮನೆಯ ಪ್ರತಿ ವ್ಯವಹಾರದಲ್ಲೂ ಮೂಗು ತೂರಿಸುತ್ತಿದ್ದ ಆ ಸಜ್ಜನನಿಗೆ ಜನರು ಟೊಮೇಟೊ ಸ್ವಾಮಿಗಳೆಂಬ ಅರ್ಥದ ಅಡ್ಡಹೆಸರಿಟ್ಟಿದ್ದರಂತೆ. ಟೊಮೇಟೊ ಸೇರದ ಅಡುಗೆಯಿಲ್ಲ, ಪಾದ್ರಿ ಸೇರದ ಸಂಗತಿಯಿಲ್ಲ. ಬ್ರುಸ್ಕೆಟ್ಟಾದ ಇತಿಹಾಸಕ್ಕೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ಬೇರೊಂದಿಲ್ಲ. ಎಣ್ಣೆಯ ಗುಣವನ್ನು ತಿಳಿಯಲೆಂದು ಹುಟ್ಟಿದ ತಿನಿಸಿನ ಮೇಲೆ ಹತ್ತಿ ಕುಳಿತ ಟೊಮೇಟೊ, ಕ್ರಮೇಣ ತಾನೇ ತಿನಿಸೆಂದು ಜಗತ್ತನ್ನು ನಂಬಿಸಿತು.

ಈ ಆಕ್ರಮಣದಲ್ಲಿ ಪಂಚಾಂಗದ ದೃಷ್ಟಿಯಿಂದಲೂ ಒಂದು ವಿಪರ್ಯಾಸವಿದೆ. ಇಟಲಿಯ ಬಯಲಿನಲ್ಲಿ ಟೊಮೇಟೊ ತನ್ನ ಪರಿಪಾಕದ ತುದಿ ಮುಟ್ಟುವುದು ಜುಲೈನಿಂದ ಸೆಪ್ಟೆಂಬರ್‌ವರೆಗೆ. ಎಣ್ಣೆ ತನ್ನ ತುದಿ ಮುಟ್ಟುವುದು ನವೆಂಬರಿನ ಆಸುಪಾಸು, ಆಮೇಲೆ ತಿಂಗಳು ಕಳೆದಂತೆ ಅದರ ಚುರುಕು ಇಳಿಯುತ್ತಲೇ ಹೋಗುತ್ತದೆ. ಹೀಗಾಗಿ ಬೇಸಿಗೆಯ ಬ್ರುಸ್ಕೆಟ್ಟಾದಲ್ಲಿ ಟೊಮೇಟೊ ತರುಣವಾಗಿದ್ದರೆ ಎಣ್ಣೆ ನಿವೃತ್ತಿಯ ಅಂಚಿನಲ್ಲಿರುತ್ತದೆ, ಚಳಿಗಾಲದಲ್ಲಿ ಎಣ್ಣೆ ಉತ್ಸಾಹದಿಂದ ಕೆಮ್ಮಿಸುತ್ತಿದ್ದರೆ ಹೊಲದಲ್ಲಿ ಟೊಮೇಟೊ ಇರುವುದಿಲ್ಲ. ನೇಪಲ್ಸಿನವರು ವೆಸೂವಿಯಸ್ ಜ್ವಾಲಾಮುಖಿಯ ಇಳಿಜಾರಿನಲ್ಲಿ ಬೆಳೆಯುವ ಸಣ್ಣ ಟೊಮೇಟೊಗಳನ್ನು ಗೊಂಚಲುಗೊಂಚಲಾಗಿ ಕಟ್ಟಿ ನೇತುಹಾಕಿ ಚಳಿಗಾಲ ದಾಟಿಸುವ ಉಪಾಯದಿಂದ ಈ ವಿರಹವನ್ನು ಸ್ವಲ್ಪಮಟ್ಟಿಗೆ ಪರಿಹರಿಸಿದ್ದಾರೆ. ಸಾಂಪ್ರದಾಯಿಕ ಇಟಾಲಿಯನ್ ಬ್ರುಸ್ಕೆಟ್ಟಾವನ್ನು ಮನೆಯಲ್ಲೇ ಮಾಡುವ ಬಗೆಯೆಂದು ಘೋಷಿಸುವ ಪುಸ್ತಕಗಳಾವುವೂ ಯಾವ ತಿಂಗಳಲ್ಲಿ ಎಂದು ಹೇಳುವ ಗೋಜಿಗೆ ಹೋಗದಿರುವುದು ಜಾಣತನವೇ ಸರಿ. ಇದೂ ಸಾಲದೆಂಬಂತೆ ಇಟಲಿಯಿಂದ ದೂರದ ದೇಶಗಳ ಅಂಗಡಿಗಳಲ್ಲಿ ಹೆಚ್ಚಿದ ಟೊಮೇಟೊ ತುಂಬಿದ ಗಾಜಿನ ಶೀಸೆಗಳಿಗೆ ಬ್ರುಸ್ಕೆಟ್ಟಾ ಎಂಬ ಚೀಟಿ ಅಂಟಿಸಿ ಮಾರುತ್ತಾರೆ. ಶೀಸೆಯೊಳಗೆ ಬ್ರೆಡ್ಡಿನ ಚೂರೂ ಇರುವುದಿಲ್ಲ. ಟೊಮೇಟೊ ಸ್ವಾಮಿಗಳ ದಿಗ್ವಿಜಯ ಅಲ್ಲಿಗೆ ಪೂರ್ಣವಾಯಿತು.

ಬ್ರೆಡ್ಡಿನ ಪಕ್ಷ ಹಿಡಿದು ವಾದಿಸುವವರು ಪುಲಿಯಾದ ಅಲ್ತಮೂರಾ ಪಟ್ಟಣವನ್ನು ಸಾಕ್ಷಿಗೆ ಕರೆಯಬಹುದು. ಅಲ್ಲಿನ ಬ್ರೆಡ್ಡು ಡ್ಯೂರಮ್ ಎಂಬ ಗಟ್ಟಿ ಗೋಧಿಯ ನುಣ್ಣನೆಯ ರವೆಗೆ ಹುದುಗು ಹಿಟ್ಟು ಸೇರಿಸಿ ಬೇಯಿಸಿದ್ದು. ಉಪ್ಪಿಟ್ಟಿಗೆ ಹೆಸರಾದ ಬನ್ಸಿ ರವೆಯ ಗೋಧಿಯೂ ಇದೇ ಕುಲಕ್ಕೆ ಸೇರಿದೆ. ಹೊರಗೆ ಕಂದು ಬಣ್ಣದ ದಪ್ಪ ಕವಚ, ಒಳಗೆ ಹಳದಿ ಛಾಯೆಯ ತಿರುಳು ಇರುವ ಈ ಬ್ರೆಡ್ಡಿಗೆ 2003ರಲ್ಲೇ ಮೂಲಸ್ಥಾನದ ರಕ್ಷಣೆ ಸಿಕ್ಕಿದೆ. 2001ರಲ್ಲಿ ಈ ಪಟ್ಟಣದಲ್ಲಿ ಜಗತ್ಪ್ರಸಿದ್ಧ ಅಮೆರಿಕನ್ ಬರ್ಗರ್ ಸರಣಿಯೊಂದು ಭರ್ಜರಿಯಾಗಿ ಅಂಗಡಿ ತೆರೆಯಿತು. ಸಮೀಪದ ಬೇಕರಿಯೊಂದು ತನ್ನ ಎಂದಿನ ಫೋಕಾಚ್ಚಾವನ್ನು, ಅಂದರೆ ಎಣ್ಣೆ ಮತ್ತು ಟೊಮೇಟೊ ಹಚ್ಚಿ ಬೇಯಿಸಿದ ಚಪ್ಪಟೆ ಬ್ರೆಡ್ಡನ್ನು, ಎಂದಿನಂತೆ ಮಾರುತ್ತ ಹೋಯಿತು. ಪ್ರತಿಭಟನೆ, ಘೋಷಣೆ, ಧಿಕ್ಕಾರಗಳ ಅಗತ್ಯ ಬೀಳದೆ, ಎರಡು ವರ್ಷ ತುಂಬುವುದರೊಳಗೆ ಬರ್ಗರ್ ಅಂಗಡಿ ಗಿರಾಕಿಗಳಿಲ್ಲದೆ ಬಾಗಿಲು ಮುಚ್ಚಿತು, ಮತ್ತು ಈ ಯುದ್ಧದ ಕಥೆ 2009ರಲ್ಲಿ ಫೋಕಾಚ್ಚಾ ಬ್ಲೂಸ್ ಎಂಬ ಚಲನಚಿತ್ರವಾಯಿತು. ಇಂಥ ಬ್ರೆಡ್ಡಿನ ಮೇಲೆ ಮಾಡುವುದನ್ನು, ಹಾಲು ಸಕ್ಕರೆ ಬೆರೆಸಿ ಹಂಸತೂಲಿಕಾತಲ್ಪದಷ್ಟು ಮೆತ್ತಗಾಗಿಸಿ ಪ್ಲಾಸ್ಟಿಕ್ ಚೀಲದಲ್ಲಿ ಮಾರುವ ಸ್ಯಾಂಡ್‌ವಿಚ್ ಬ್ರೆಡ್ಡಿನ ಮೇಲೆ ಮಾಡಹೊರಟರೆ ಏನಾಗುತ್ತದೆಂಬುದನ್ನು ವಿವರಿಸುವ ಅಗತ್ಯವಿಲ್ಲ. ಟೊಮೇಟೊ ಬಿದ್ದೊಡನೆ ಅದು ಪ್ರತಿರೋಧವಿಲ್ಲದೆ ಶರಣಾಗುತ್ತದೆ.

ನಿನ್ನೆಯ ಬ್ರೆಡ್ಡು ಇಂದಿನದಕ್ಕಿಂತ ಉತ್ತಮವೆಂಬುದು ಈ ಶಾಸ್ತ್ರದ ವಿಚಿತ್ರ ವಿಧಿಗಳಲ್ಲೊಂದು. ಬ್ರೆಡ್ಡು ಹಳತಾಗಿ ಗಟ್ಟಿಯಾಗಲು ನೀರು ಆರುವುದೊಂದೇ ಕಾರಣವಲ್ಲ. ಬೇಯುವಾಗ ಅಸ್ತವ್ಯಸ್ತಗೊಂಡ ಪಿಷ್ಟದ ಕಣಗಳು ತಣ್ಣಗಾದ ಮೇಲೆ ಮತ್ತೆ ಸಾಲುಗಟ್ಟಿ ಬಿಗಿಯಾಗುತ್ತವೆ, ಫ್ರಿಜ್ಜಿನಲ್ಲಿಟ್ಟರೆ ಈ ಸಾಲುಗಟ್ಟುವಿಕೆ ಇನ್ನೂ ವೇಗವಾಗಿ ನಡೆಯುತ್ತದೆ, ಮತ್ತೆ ಕಾಯಿಸಿದರೆ ತಾತ್ಕಾಲಿಕವಾಗಿ ಸಡಿಲಗೊಳ್ಳುತ್ತದೆ. ಒಂದು ದಿನ ಹಳೆಯದಾದ, ಕವಚ ಗಟ್ಟಿಯಿರುವ ಬ್ರೆಡ್ಡನ್ನು ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಕೊಯ್ದು ಸುಟ್ಟರೆ ಹೊರಗೆ ಗರಿಗರಿ, ಒಳಗೆ ಮೆದುವಾದ ಹದ ಸಿಗುವುದು ಆದ್ದರಿಂದಲೇ. ಬ್ರೆಡ್ಡಿಗೆ ಆ ಕಂದು ಬಣ್ಣವನ್ನೂ ಪರಿಮಳವನ್ನೂ ಕೊಡುವ, ಸಕ್ಕರೆ ಮತ್ತು ಅಮೈನೋ ಆಮ್ಲಗಳ ನಡುವಿನ ಕ್ರಿಯೆಯನ್ನು ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದ. ಕೆಂಡವಿಲ್ಲದ ಮನೆಯಲ್ಲಿ ಈ ಕ್ರಿಯೆಯನ್ನು ನೆರವೇರಿಸಲು ದಪ್ಪ ಕಬ್ಬಿಣದ ಕಾವಲಿಯಷ್ಟು ಯೋಗ್ಯವಾದ ಸಾಧನ ಇನ್ನೊಂದಿಲ್ಲ. ಆದರೆ ಕನ್ನಡಿಗರ ಮನೆಯಲ್ಲಿ ಅಂಥ ಕಾವಲಿ ಇರುವುದು ದೋಸೆಗೆ, ಮತ್ತು ದೋಸೆಯ ಕಾವಲಿಯ ಮೇಲೆ ಚಪಾತಿಯನ್ನೂ ಬೇಯಿಸಬಾರದೆಂಬ ಕಟ್ಟಳೆ ಜಾರಿಯಲ್ಲಿರುವಾಗ ಇಟಲಿಯ ಬ್ರೆಡ್ಡನ್ನು ಅದರ ಮೇಲಿಡುವ ಪ್ರಸ್ತಾಪ ಮಂಡಿಸಲು ಅಸಾಧಾರಣ ಧೈರ್ಯ ಬೇಕು. ಪ್ರಸ್ತಾಪ ತಿರಸ್ಕೃತವಾದ ಪಕ್ಷದಲ್ಲಿ, ಹಪ್ಪಳ ಸುಡುವ ಜಾಲರಿಯನ್ನು ಒಲೆಯ ಮೇಲಿಟ್ಟು ನೇರ ಉರಿಯಲ್ಲಿ ಸುಡಬಹುದು. ಅಂಚು ಅಲ್ಲಲ್ಲಿ ಕಪ್ಪಾದರೆ ಗಾಬರಿಯಾಗಬೇಕಾದ್ದಿಲ್ಲ, ರೋಮಿನ ಪಿತ್ಸಾ ಹೋಟೆಲುಗಳಲ್ಲಿ ಪಿತ್ಸಾಕ್ಕೆ ಮುಂಚೆ ತಂದಿಡುವ ಬ್ರುಸ್ಕೆಟ್ಟಾದಲ್ಲೂ ಆ ಕಪ್ಪು ಇರುತ್ತದೆ. ಟೋಸ್ಟರ್ ಯಂತ್ರ ಮಾತ್ರ ಬ್ರೆಡ್ಡನ್ನು ಒಳಹೊರಗೆಲ್ಲ ಸಮನಾಗಿ ಒಣಗಿಸುವುದರಿಂದ ಇಲ್ಲಿ ಅದರ ನ್ಯಾಯಪರತೆಯೇ ದೋಷವಾಗುತ್ತದೆ.

ಬೆಳ್ಳುಳ್ಳಿಯನ್ನು ಜಜ್ಜುವುದು, ಅರೆಯುವುದು, ಬಾಡಿಸುವುದು ಇವಾವುವೂ ಇಲ್ಲಿ ವಿಹಿತವಲ್ಲ. ಎಸಳೊಂದನ್ನು ಅಡ್ಡಕ್ಕೆ ಕೊಯ್ದು ಬಿಸಿ ಬ್ರೆಡ್ಡಿನ ಮೇಲೆ ತಿಕ್ಕಿದರೆ, ಸುಟ್ಟು ಒರಟಾದ ಮೇಲ್ಮೈಯೇ ತುರಿಮಣೆಯ ಕೆಲಸ ಮಾಡಿ ಎಸಳನ್ನು ಸವೆಸುತ್ತದೆ, ಜೀವಕೋಶಗಳು ಒಡೆದೊಡನೆ ಅಲಿಸಿನ್ ಎಂಬ ಘಾಟಿನ ಸಂಯುಕ್ತ ಹುಟ್ಟಿ ಬ್ರೆಡ್ಡಿಗೆ ಅಂಟಿಕೊಳ್ಳುತ್ತದೆ. ನಾಲ್ಕು ಹೋಳುಗಳಿಗೆ ಒಂದೇ ಎಸಳು ಸಾಕು. ಬೆಳ್ಳುಳ್ಳಿ ಒಳಗೆ ಬಾರದ ಮನೆಗಳವರು ಈ ಹಂತವನ್ನು ದಾಟಿ ಮುಂದಕ್ಕೆ ಹೋದರೂ ಬ್ರುಸ್ಕೆಟ್ಟಾ ಬ್ರುಸ್ಕೆಟ್ಟಾವಾಗಿಯೇ ಉಳಿಯುತ್ತದೆ, ಆದರೆ ಅದರ ಸ್ಥಾನದಲ್ಲಿ ಇಂಗು ತಿಕ್ಕುವ ವಿಚಾರ ಬಂದರೆ ಅದನ್ನು ಅಲ್ಲಿಯೇ ತಡೆಯಬೇಕು.

ಟೊಮೇಟೊವನ್ನು ಹೆಚ್ಚುವಾಗ ಬೀಜದ ಲೋಳೆಯನ್ನು ತೆಗೆಯಬೇಕೇ ಉಳಿಸಬೇಕೇ ಎಂಬುದು ಎರಡು ಪಂಥಗಳ ನಡುವಿನ ಹಳೆಯ ಕಲಹ. ತೆಗೆಯಬೇಕೆನ್ನುವವರ ವಾದ ಸರಳ: ಲೋಳೆಯ ನೀರಿಗೆ ಬ್ರೆಡ್ಡು ನೆನೆಯುತ್ತದೆ. ಉಳಿಸಬೇಕೆನ್ನುವವರ ಬೆನ್ನಿಗೆ ಈಗ ರಸಾಯನಶಾಸ್ತ್ರ ನಿಂತಿದೆ. ನಾಲಿಗೆಗೆ ತುಂಬಿದ ರುಚಿಯ ಭಾವ ಕೊಡುವ ಗ್ಲುಟಮೇಟ್ ಎಂಬ ಅಂಶ ಹೊರಗಿನ ದಪ್ಪ ಭಾಗಕ್ಕಿಂತ ಬೀಜದ ಸುತ್ತಲಿನ ಲೋಳೆಯಲ್ಲೇ ಹೆಚ್ಚಾಗಿದೆಯೆಂದು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ತೋರಿಸಿದ್ದಾರೆ. ಮಧ್ಯಮ ಮಾರ್ಗವೆಂದರೆ, ನಾಲ್ಕು ಹೋಳು ಬ್ರೆಡ್ಡಿಗೆ ಸುಮಾರು 350 ಗ್ರಾಂ ಹಣ್ಣನ್ನು ಲೋಳೆಸಹಿತ ಹೆಚ್ಚಿ, ಅರ್ಧ ಚಮಚ ಉಪ್ಪು ಬೆರೆಸಿ, ಜರಡಿಯಲ್ಲಿ ಕಾಲು ಗಂಟೆ ಬಿಡುವುದು. ಉಪ್ಪು ಎಳೆದು ಕೆಡವಿದ ರಸವನ್ನು ಕೆಳಗಿನ ಪಾತ್ರೆಯಿಂದ ಯಾರೂ ನೋಡದಿರುವಾಗ ಕುಡಿಯುವುದು ಅಡುಗೆಯವರ ಹಕ್ಕು. ಹಣ್ಣನ್ನು ಫ್ರಿಜ್ಜಿನಿಂದ ತೆಗೆದು ನೇರವಾಗಿ ಬಳಸುವ ಪದ್ಧತಿಯ ವಿಷಯದಲ್ಲಿ ಮಾತ್ರ ಎರಡೂ ಪಂಥಗಳು ಒಂದಾಗಿ ತಲೆಯಾಡಿಸುತ್ತವೆ. 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ದಿನಗಟ್ಟಲೆ ಇಟ್ಟ ಹಣ್ಣಿನಲ್ಲಿ ಪರಿಮಳ ಹುಟ್ಟಿಸುವ ಜೀನುಗಳೇ ಸುಮ್ಮನಾಗುತ್ತವೆಂದೂ ಹಣ್ಣನ್ನು ಹೊರಗೆ ತೆಗೆದಿಟ್ಟ ಮೇಲೂ ಅವು ಪೂರ್ತಿ ಚೇತರಿಸಿಕೊಳ್ಳುವುದಿಲ್ಲವೆಂದೂ ಫ್ಲಾರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಕಂಡುಕೊಂಡರು.

ಋತುಗಳ ತೊಡಕಿಲ್ಲದೆ ವರ್ಷವಿಡೀ ಟೊಮೇಟೊ ಸಿಗುವುದು ಕರ್ನಾಟಕದ ಭಾಗ್ಯ, ಮತ್ತು ಏಷ್ಯಾದ ಬಹುದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲೊಂದು ಕೋಲಾರದಲ್ಲಿರುವುದು ಬೆಂಗಳೂರಿನ ಭಾಗ್ಯ. ಆದರೆ ದೂರದೂರಿಗೆ ಲಾರಿಯಲ್ಲಿ ಹೋಗಬೇಕಾದ ಹಣ್ಣಿಗೆ ದಪ್ಪ ಚರ್ಮವೂ ಗಟ್ಟಿತನವೂ ಮೊದಲ ಅರ್ಹತೆಗಳಾಗುತ್ತವೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ ತಳಿಗಳು ರೈತನನ್ನು ಮೂರು ರೋಗಗಳಿಂದ ರಕ್ಷಿಸುತ್ತವೆ, ಬ್ರುಸ್ಕೆಟ್ಟಾ ತಿನ್ನುವವನ ಯೋಗಕ್ಷೇಮ ಅವುಗಳ ಹೊಣೆಯಲ್ಲ. ಸಂತೆಯಲ್ಲಿ ನಾಟಿಯೆಂದು ಕರೆಯುವ, ಮೈಮೇಲೆ ಗೀರುಗಳಿರುವ ಹಣ್ಣಿನಲ್ಲಿ ರಸವೂ ಪರಿಮಳವೂ ಬೇಕಾದಷ್ಟಿದ್ದರೂ, ಅದರ ಹುಳಿ ಸಾರಿಗೆಂದೇ ದೇವರು ಕೊಟ್ಟದ್ದಾದ್ದರಿಂದ ಚಿಟಿಕೆ ಸಕ್ಕರೆಯ ಸಂಧಾನ ಬೇಕಾಗುತ್ತದೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಪೆಟ್ಟಿಗೆಯ ಬೆಲೆ ಎರಡು ಸಾವಿರ ರೂಪಾಯಿ ದಾಟಿ, ಹಾಸನ ಜಿಲ್ಲೆಯಲ್ಲಿ ಹೊಲದಿಂದಲೇ ಟೊಮೇಟೊ ಕಳವಾದ ಸುದ್ದಿ ಪತ್ರಿಕೆಗಳಲ್ಲಿ ಬಂದ ಆ ವಾರಗಳಲ್ಲಿ, ಟಸ್ಕನಿಯ ಟೊಮೇಟೊರಹಿತ ಮೂಲರೂಪದ ಶ್ರೇಷ್ಠತೆಯನ್ನು ಯಾರಾದರೂ ಮುಂದಿಟ್ಟಿದ್ದರೆ ಅದಕ್ಕೆ ಒಳ್ಳೆಯ ಸ್ವಾಗತ ಸಿಗುತ್ತಿತ್ತು.

ಮೇಲೆ ಹರಿದು ಹಾಕುವ ಬೇಸಿಲ್ ಎಲೆಗಾಗಿ ಸೂಪರ್‌ಮಾರ್ಕೆಟ್ಟಿನಲ್ಲಿ ದುಬಾರಿ ಪೊಟ್ಟಣ ಹುಡುಕುವವರಿಗೆ, ಅದೇ ಪ್ರಭೇದದ ಗಿಡ ಕಾಮಕಸ್ತೂರಿಯೆಂಬ ಹೆಸರಿನಲ್ಲಿ ಕನ್ನಡ ನಾಡಿನ ಹಿತ್ತಿಲುಗಳಲ್ಲಿ ತಲೆಮಾರುಗಳಿಂದ ಬೆಳೆದು, ಹೂಮಾಲೆಯಲ್ಲಿ ಸೇರಿ ಮುಡಿಗೇರಿ, ಬೀಜವಾಗಿ ಶರಬತ್ತಿನಲ್ಲಿ ಉಬ್ಬಿ ತೇಲಿದೆಯೆಂದು ತಿಳಿಸಿದರೆ ಸಂತೋಷಕ್ಕಿಂತ ಪೊಟ್ಟಣದ ಬೆಲೆ ನೆನೆದ ಸಂಕಟವೇ ಹೆಚ್ಚಾಗಬಹುದು. ಇಲ್ಲಿನ ಗಿಡದ ಪರಿಮಳ ಜಿನೋವಾದ ಬೇಸಿಲ್‌ಗಿಂತ ತುಸು ತೀಕ್ಷ್ಣವಾದ್ದರಿಂದ ಎರಡು ಎಲೆ ಕಡಿಮೆ ಹಾಕಿದರಾಯಿತು. ಅದರ ದಾಯಾದಿಯಾದ ತುಳಸಿಯನ್ನು ಬಳಸುವ ಆಲೋಚನೆ ಮಾತ್ರ ಸಸ್ಯಶಾಸ್ತ್ರದ ದೃಷ್ಟಿಯಿಂದ ಎಷ್ಟೇ ಸಮರ್ಥನೀಯವಾದರೂ ಗೃಹಶಾಂತಿಯ ದೃಷ್ಟಿಯಿಂದ ಸಮರ್ಥನೀಯವಲ್ಲ. ಸಂಜೆಯ ಹೊತ್ತಿನಲ್ಲಂತೂ ಕಟ್ಟೆಯ ಹತ್ತಿರ ಕತ್ತರಿ ಹಿಡಿದು ಸುಳಿಯುವುದೇ ಅಪಾಯ. ಎಲೆಯನ್ನು ಚಾಕುವಿನಿಂದ ಸಣ್ಣಗೆ ಹೆಚ್ಚಿ ಮೊದಲೇ ಇಟ್ಟರೆ ಗಾಯಗೊಂಡ ಕೋಶಗಳಲ್ಲಿನ ಕಿಣ್ವಗಳು ಗಾಳಿಯೊಡನೆ ಸೇರಿ ಅದನ್ನು ಕಪ್ಪಾಗಿಸುವುದರಿಂದ, ಬಡಿಸುವ ಕ್ಷಣದಲ್ಲಿ ಕೈಯಿಂದ ಹರಿದು ಉದುರಿಸುವುದು ಕ್ರಮ.

ಇಷ್ಟಾದ ಮೇಲೆ ಬ್ರೆಡ್ಡಿನ ಮೇಲೆ ಮೊದಲು ಎಣ್ಣೆ, ಅದರ ಮೇಲೆ ಟೊಮೇಟೊ, ಮತ್ತೆ ನಾಲ್ಕು ಹನಿ ಎಣ್ಣೆ ಹಾಕಿ ಕೈ ತೊಳೆದುಕೊಳ್ಳಬೇಕು. ಕೈ ತೊಳೆದುಕೊಳ್ಳುವುದೇ ಇಲ್ಲಿನ ಅತ್ಯಂತ ಕಠಿಣ ಹಂತ. ಹೆಚ್ಚಿದ ಟೊಮೇಟೊ, ಉಪ್ಪು, ಎಣ್ಣೆ ಇಷ್ಟನ್ನು ಒಟ್ಟಿಗೆ ಕಂಡ ಕನ್ನಡ ಕೈಗೆ ಒಗ್ಗರಣೆ ಸೌಟಿನ ನೆನಪಾಗದೆ ಇರದು. ಒಂದಿಷ್ಟು ಸಾಸಿವೆ, ಎರಡೆಸಳು ಕರಿಬೇವು, ಒಂದು ಹಸಿಮೆಣಸಿನಕಾಯಿ ಬಿದ್ದರೆ ಇದಕ್ಕೊಂದು ದಾರಿಯಾಗುತ್ತಿತ್ತೆಂಬ ಅನುಕಂಪ ಎಲ್ಲಿಂದಲೋ ಉಕ್ಕಿಬರುತ್ತದೆ. ಆ ದಾರಿಯಲ್ಲಿ ನಡೆದವರು ತಲುಪುವ ಊರು ಈಗಾಗಲೇ ಭೂಪಟದಲ್ಲಿದೆ: ಬೆಂಗಳೂರು ಮೈಸೂರುಗಳ ಅಯ್ಯಂಗಾರ್ ಬೇಕರಿಗಳಲ್ಲಿ ಈರುಳ್ಳಿ, ಟೊಮೇಟೊ, ಕ್ಯಾರೆಟ್ ತುರಿ, ಹಸಿಮೆಣಸಿನಕಾಯಿ, ಕೊತ್ತಂಬರಿಗಳ ಪಲ್ಯವನ್ನು ಕಾವಲಿಯ ಮೇಲೆ ಸುಟ್ಟ ಬ್ರೆಡ್ಡಿಗೆ ಹೇರಿ, ಕಾಗದದ ತುಂಡಿನ ಮೇಲಿಟ್ಟು ಕೊಡುವ ಮಸಾಲೆ ಟೋಸ್ಟು ಅದೇ. ಅದು ಸಂಜೆ ಐದರ ಹಸಿವಿಗೆ ಬ್ರುಸ್ಕೆಟ್ಟಾಕ್ಕಿಂತ ಚೆನ್ನಾಗಿ ಉತ್ತರಿಸುತ್ತದೆಂಬ ಅಭಿಪ್ರಾಯಕ್ಕೆ ಬೆಲೆಯಿದೆ. ಆದರೆ ಅಲ್ಲಿ ಬ್ರೆಡ್ಡು ಪಲ್ಯಕ್ಕೆ ವಾಹನ ಮಾತ್ರ. ಎಣ್ಣೆಯ ಗುಣವನ್ನು ಅದರಿಂದ ಅರಿಯಲು ಗಾಣದ ಯಜಮಾನನಿಗೂ ಸಾಧ್ಯವಾಗದು. ಚೀಸ್ ತುರಿ ಹಾಕುವವರು, ಮೇಲೆ ಕಪ್ಪು ಸಿಹಿ ಪಾಕವನ್ನು ಗೀಟುಗೀಟಾಗಿ ಎಳೆದು ಅದನ್ನು ಇಟಲಿಯ ಮೋದೆನಾದ ಬಾಲ್ಸಾಮಿಕ್ ವಿನೆಗರ್ ಎನ್ನುವವರು, ಇವರೂ ಆ ದಾರಿಯವರೇ; ಕನಿಷ್ಠ ಹನ್ನೆರಡು ವರ್ಷ ಮರದ ಪೀಪಾಯಿಗಳಲ್ಲಿ ಮಾಗುವ ಮೋದೆನಾದ ಸಾಂಪ್ರದಾಯಿಕ ಬಾಲ್ಸಾಮಿಕ್‌ನ ಬೆಲೆ ಕೇಳಿದರೆ ಗೀಟು ಎಳೆಯುವ ಕೈ ತಾನಾಗಿ ನಿಲ್ಲುತ್ತದೆ.

ಬ್ರುಸ್ಕೆಟ್ಟಾ ಕಾಯುವುದಿಲ್ಲ. ಟೊಮೇಟೊ ಹರಡಿದ ಹತ್ತು ನಿಮಿಷಗಳೊಳಗೆ ತಿನ್ನದಿದ್ದರೆ ಗರಿಗರಿಯಾದದ್ದು ಮೆತ್ತಗಾಗಿ, ಮೆತ್ತಗಾದದ್ದು ತೊಯ್ದು, ತೊಯ್ದದ್ದು ಕೈಗೆತ್ತಿದೊಡನೆ ನಡುವೆ ಬಾಗಿ ಹೊತ್ತ ಭಾರವನ್ನೆಲ್ಲ ತಟ್ಟೆಗೆ ಒಪ್ಪಿಸುತ್ತದೆ. ಆರು ಗಂಟೆಗೆ ಬರುತ್ತೇವೆಂದು ಏಳೂಕಾಲಿಗೆ ಬಂದು ಆಮೇಲೆ ಚಪ್ಪಲಿ ಬಿಡುತ್ತ ಹತ್ತು ನಿಮಿಷ ಮಾತನಾಡುವ ಅತಿಥಿಗಳ ನಾಡಿನಲ್ಲಿ ಇದನ್ನು ಮುಂಚಿತವಾಗಿ ಮಾಡಿಡುವುದು ಆತ್ಮಹತ್ಯೆಗೆ ಸಮಾನ. ಊಟಕ್ಕೆ ಮುಂಚೆ ಹಸಿವು ಕೆರಳಿಸಲು ಕೊಡುವ ಸಣ್ಣ ತಿನಿಸೆಂದು ಇದನ್ನು ವರ್ಗೀಕರಿಸಿರುವುದೂ ಇಲ್ಲಿ ಗೊಂದಲಕ್ಕೆ ಎಡೆಮಾಡುತ್ತದೆ. ಎಲೆಯ ತುದಿಗೆ ಉಪ್ಪು, ಕೋಸಂಬರಿ, ಪಲ್ಯಗಳು ಬಿದ್ದು ಅನ್ನ ಬರುವವರೆಗೆ ಕೈಕಟ್ಟಿ ಕೂರುವುದೇ ಹಸಿವನ್ನು ಬೇಕಾದಷ್ಟು ಕೆರಳಿಸುತ್ತಿರುವಾಗ, ಊಟಕ್ಕೆ ಕರೆದು ಮೊದಲು ಒಂದು ತುಂಡು ಬ್ರೆಡ್ಡು ಕೊಟ್ಟರೆ, ಬಂದವರು ಅದನ್ನೇ ಊಟವೆಂದು ಭಾವಿಸಿ ಮನೆಯ ಆರ್ಥಿಕ ಸ್ಥಿತಿಯ ಬಗ್ಗೆ ಮರುಕಪಡುವ ಸಾಧ್ಯತೆಯಿದೆ. ತಿನ್ನುವ ಕಲೆಯೂ ಸುಲಭವಲ್ಲ; ಮೊದಲ ಕಚ್ಚಿಗೆ ಗಟ್ಟಿ ಕವಚ ಒಡ್ಡುವ ಪ್ರತಿರೋಧಕ್ಕೆ ಹಲ್ಲು ಎಳೆದ ರಭಸದಲ್ಲಿ ಮೇಲಿದ್ದ ಟೊಮೇಟೊ ಮುಂದಕ್ಕೆ ಜಿಗಿಯುವುದರಿಂದ, ಬಿಳಿಯ ಅಂಗಿ ತೊಟ್ಟವರು ತಟ್ಟೆಯ ಮೇಲೆ ಬಾಗಿ, ವಿನಯದ ಭಂಗಿಯಲ್ಲಿ ತಿನ್ನತಕ್ಕದ್ದು.

ಬ್ರೆಡ್ಡು ಮುಗಿದು ಬಟ್ಟಲಿನಲ್ಲಿ ಟೊಮೇಟೊ ಉಳಿಯುವುದು ಈ ಶಾಸ್ತ್ರದಲ್ಲಿ ತಪ್ಪದ ಘಟನೆ. ಟಸ್ಕನಿಯಲ್ಲಾದರೆ ಒಣಗಿದ ಬ್ರೆಡ್ಡನ್ನು ನೀರಿನಲ್ಲಿ ನೆನೆಸಿ ಹಿಂಡಿ, ಟೊಮೇಟೊ, ಈರುಳ್ಳಿಗಳೊಡನೆ ಕಲಸಿ ಪಾಂತ್ಸನೆಲ್ಲಾ ಎಂಬ ಸಲಾಡ್ ಮಾಡುತ್ತಾರೆ. ಇಲ್ಲಿ ಆ ಬಟ್ಟಲು ರಾತ್ರಿ ಫ್ರಿಜ್ಜು ಸೇರಿ, ಬೆಳಗ್ಗೆ ಬಾಣಲೆಗೆ ಇಳಿದು, ಹಿಂದಿನ ಸಂಜೆಯಿಂದ ಕಾದಿದ್ದ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿಗಳನ್ನೆಲ್ಲ ಒಮ್ಮೆಗೇ ಪಡೆದು, ಆಲಿವ್ ಎಣ್ಣೆಯ ವಾಸನೆ ಅಡಗಲು ಒಂದು ಚೂರು ಬೆಲ್ಲವನ್ನೂ ಸೇರಿಸಿಕೊಂಡು ಗೊಜ್ಜಾಗುತ್ತದೆ. ಆ ಗೊಜ್ಜನ್ನು ದೋಸೆಯ ಮೇಲೆ ಹರಡಿ ತಿನ್ನಬಹುದೇ, ಪಕ್ಕದಲ್ಲಿ ಹಾಕಿಕೊಂಡೇ ತಿನ್ನಬೇಕೇ ಎಂಬ ವಿಷಯದಲ್ಲಿ ಅರ್ತೂಸಿಯ ಗ್ರಂಥ ಮೌನವಾಗಿದೆ.